ನಮ್ಮ ನಲವತ್ತನ್ನು ಐದು ಮಾಡಿದವರಿಗೆ

ಶರವಣಂಪಟ್ಟಿಯ ಮಿನ್ನೊಳಿ ಫೈಬರ್ ಸೇವೆಯ ವೇಗ ವಿಭಾಗದ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಿಗೆ,

ಮಾನ್ಯರೇ,

ನೆಗಮಂ ಊರಿನ ಕೈಮಗ್ಗದ ನೇಕಾರ ರಾಜೇಂದ್ರನ್ ಮಾಡುವ ನಮಸ್ಕಾರಗಳು. ತಾವು, ತಮ್ಮ ಕಚೇರಿಯ ಏಸಿ ಮತ್ತು ನಮ್ಮ ಗೋಡೆಯ ಮೇಲೆ ಹಗಲಿರುಳು ಹಸಿರು ಕಣ್ಣು ಮಿಟುಕಿಸುವ ತಮ್ಮ ಬಿಳಿ ಪೆಟ್ಟಿಗೆ, ಮೂವರೂ ಕ್ಷೇಮವೆಂದು ನಂಬಿದ್ದೇನೆ. ಪೆಟ್ಟಿಗೆಯಂತೂ ನಮ್ಮೆಲ್ಲರಿಗಿಂತ ಕ್ಷೇಮವಾಗಿದೆ.

ನನ್ನ ತಾಯಿ ಸುಬ್ಬಾತಾಳ್ ಚೌಕುಳಿ ಕಾಗದದ ಮೇಲೆ ಬಿಡಿಸಿಟ್ಟು ಹೋದ ಸೀರೆಯಂಚಿನ ಚಿತ್ತಾರಗಳನ್ನೆಲ್ಲ ನನ್ನ ಮಗಳು ಅಭಿನಯಾ ಎರಡು ತಿಂಗಳು ಕೂತು ಸ್ಕ್ಯಾನ್ ಮಾಡಿ, ಅವುಗಳಿಂದ ತಾನು ಕಟ್ಟಿದ ಹೊಸ ವಿನ್ಯಾಸಗಳನ್ನೂ ಸೇರಿಸಿ, ಚೆನ್ನೈನ ಒಂದು ವಿನ್ಯಾಸ ಶಾಲೆಗೆ ಕಳಿಸಬೇಕಿತ್ತು. ಇಡೀ ಜಿಲ್ಲೆಗೆ ಒಂದೇ ಸೀಟು; ಗಡುವು ಕಳೆದ ಮಂಗಳವಾರ ಸಂಜೆ ಐದು ಗಂಟೆ; ಎಲ್ಲ ಸೇರಿ ಹದಿನೆಂಟು ಗಿಗಾಬೈಟ್. ಮೂರು ಗಂಟೆ ಹತ್ತು ನಿಮಿಷಕ್ಕೇ ಅವಳು ಸಿದ್ಧಳಾಗಿ ಕೂತಿದ್ದಳು. ಮನೆಯ ಲೆಕ್ಕಗಾರನಾದ ನಾನು, ಸಂಪರ್ಕದ ಜೊತೆ ತಾವು ಕೊಟ್ಟ ಕಾಗದವನ್ನು ತೆಗೆದು ನೋಡಿದೆ. ಹೋಗಲೂ ಬರಲೂ ಸೆಕೆಂಡಿಗೆ ನಲವತ್ತು ಎಂದು ದಪ್ಪಕ್ಷರದಲ್ಲಿತ್ತು. ಹದಿನೆಂಟು ಸಾವಿರ ಮೆಗಾಬೈಟನ್ನು ನಲವತ್ತರಿಂದ ಭಾಗಿಸಿದರೆ ನಾನೂರೈವತ್ತು ಸೆಕೆಂಡು, ಅಂದರೆ ಏಳೂವರೆ ನಿಮಿಷ. ಇಷ್ಟು ಸಣ್ಣ ಕೆಲಸಕ್ಕೆ ರಾಹುಕಾಲದಲ್ಲಿ ಕೈಹಾಕುವುದೇಕೆಂದು ಮಗಳ ಕೈ ಹಿಡಿದು ನಿಲ್ಲಿಸಿದೆ. ಮಂಗಳವಾರದ ರಾಹುಕಾಲ ಮೂರರಿಂದ ನಾಲ್ಕೂವರೆವರೆಗೆ ಎಂಬುದು ತಮ್ಮ ವೇಗ ವಿಭಾಗಕ್ಕೆ ತಿಳಿಯದಿರಲಾರದು.

ನಾಲ್ಕೂವರೆಗೆ ಕರ್ಪೂರ ಹಚ್ಚಿ, ಗುಂಡಿ ಒತ್ತಿದೆವು. ಐದು ಗಂಟೆಗೆ ಸರಿಯಾಗಿ ಅರ್ಧ ಹೋಗಿತ್ತು. ಶಾಲೆಯವರ ಬಾಗಿಲು ಮುಚ್ಚಿತು.

ಅಭಿನಯಾ ಅಳಲಿಲ್ಲ, ಬೈಯಲಿಲ್ಲ. “ಬುಡಪ್ಪಾ, ಅಡುತ್ತ ವರ್ಷ ಪಾತ್ತುಕ್ಕಲಾಂ” ಎಂದು, ಮುಂದಿನ ವರ್ಷ ನೋಡಿಕೊಂಡರಾಯಿತೆಂದು ನನ್ನನ್ನೇ ಸಮಾಧಾನ ಮಾಡಿ, ಒಗೆದ ಬಟ್ಟೆ ತರಲು ಮಹಡಿಗೆ ಹೋದಳು. ಬಟ್ಟೆ ತರಲು ಮುಕ್ಕಾಲು ಗಂಟೆ ಬೇಕಾಯಿತು. ಮಹನೀಯರೇ, ಅಷ್ಟು ಹೊತ್ತೂ ನಾನು ತಮ್ಮ ಪೆಟ್ಟಿಗೆಯನ್ನು ನೋಡುತ್ತಾ ಕೂತಿದ್ದೆ. ಅದು ಕಣ್ಣು ಮಿಟುಕಿಸುತ್ತಲೇ ಇತ್ತು.

ಮರುದಿನ ತಮ್ಮ ಸಹಾಯವಾಣಿಯ ತೆನ್ಮೊಳಿಯವರು ಫೋನಿನಲ್ಲಿ ತಾಯಿಯಂತೆ ನನಗೆ ಪಾಠ ಹೇಳಿದರು. ತಾವು ಅಳೆಯುವುದು ಬಿಟ್‌ಗಳಲ್ಲಿ, ಕಂಪ್ಯೂಟರ್ ಅಳೆಯುವುದು ಬೈಟ್‌ಗಳಲ್ಲಿ, ಎಂಟು ಬಿಟ್ ಕೂಡಿದರೆ ಒಂದು ಬೈಟ್. ಆದ್ದರಿಂದ ತಮ್ಮ ನಲವತ್ತು ನಮ್ಮ ಮನೆ ಹೊಸ್ತಿಲು ದಾಟುವಾಗ ಐದಾಗುತ್ತದಂತೆ. ಈ ಜಾಣ್ಮೆಗೆ ಕೈಮುಗಿದೆ. ತಲೆಮಾರುಗಳಿಂದ ಸೀರೆ ನೇಯ್ದರೂ ನಮಗಿದು ಹೊಳೆಯಲಿಲ್ಲವಲ್ಲ! ಆರು ಗಜದ ಸೀರೆಯನ್ನು ಗೇಣಿನಲ್ಲಿ ಅಳೆದು ‘ಇಪ್ಪತ್ತನಾಲ್ಕರ ಸೀರೆ’ ಎಂದು ಬೋರ್ಡು ಹಾಕಿದ್ದರೆ ಪೊಳ್ಳಾಚಿಯಲ್ಲಿ ಮೂರು ಮಹಡಿಯ ಅಂಗಡಿ ಎದ್ದಿರುತ್ತಿತ್ತು.

ತೆನ್ಮೊಳಿಯವರು ಅಲ್ಲಿಗೇ ಬಿಡಲಿಲ್ಲ. ತಮ್ಮ ದೊಡ್ಡ ಗಾಜಿನೆಳೆಯಲ್ಲಿ ಸೆಕೆಂಡಿಗೆ ನೂರೈವತ್ತೈದೂವರೆ ಮೆಗಾಬಿಟ್ ಓಡುವ ಒಂದು ಹಳೆಯ ಕಾಲದ ಹರಿವುಂಟಂತೆ, ಅದರೊಳಗೆ ತಲಾ ಎರಡು ಚಿಲ್ಲರೆ ಮೆಗಾಬಿಟ್‌ನ ಅರವತ್ತಮೂರು ಪುಟ್ಟ ಹರಿವುಗಳು ಕೂರುತ್ತವಂತೆ. ಗುಣಿಸಿ ನೋಡಿದರೆ ನೂರಿಪ್ಪತ್ತೊಂಬತ್ತೇ ಬರುತ್ತದೆ. ಉಳಿದ ಇಪ್ಪತ್ತಾರೂವರೆ ಎಲ್ಲಿ ಹೋಯಿತೆಂದರೆ, ವಿಳಾಸಕ್ಕೆ, ಕಾವಲಿಗೆ, ಮೇಲ್ವಿಚಾರಣೆಗೆ ಎಂದರು. ಒಪ್ಪಿದೆ. ಮಗ್ಗದಲ್ಲೂ ಹಾಸಿನ ನೂಲಿನ ತುದಿ ಒಂದಷ್ಟು ವ್ಯರ್ಥವಾಗುತ್ತದೆ. ನಾವು ಮಾತ್ರ ಅದನ್ನು ಸೀರೆಯ ಉದ್ದಕ್ಕೆ ಸೇರಿಸಿ ಮಾರುವಷ್ಟು ಬೆಳೆದಿಲ್ಲ.

ಆದ್ದರಿಂದ ನನ್ನ ವಿನಮ್ರ ಕೋರಿಕೆ: ಮುಂದಿನ ಮಂಗಳವಾರದಿಂದ ಒಂದು ಬೈಟಿಗೆ ಒಂದೇ ಬಿಟ್ ಎಂದು ಆದೇಶ ಹೊರಡಿಸಬೇಕು, ಅದು ಕಷ್ಟವಾದರೆ ಕಳೆದ ಮಂಗಳವಾರದ ಐದು ಗಂಟೆಯನ್ನು ಐದೂವರೆಗೆ ಮುಂದೂಡಬೇಕು.

ಇಲ್ಲಿಗೆ ಪತ್ರ ಮುಗಿಸಬಹುದಿತ್ತು. ಆದರೆ ಗುರುವಾರ ತಮ್ಮ ಲೈನ್‌ಮ್ಯಾನ್ ಕುಮರೇಶನ್ ಬಂದು, ಹಳೆಯ ಬಿಲ್ಲಿನ ಬೆನ್ನಿನ ಮೇಲೆ ಲೆಕ್ಕ ಹಾಕಿ ಪೆನ್ನು ಕೆಳಗಿಟ್ಟ. ಸಂಪರ್ಕ ಕೊಡಲು ಬಂದ ದಿನವೇ ಆತ ನನ್ನನ್ನು ನಲವತ್ತೋ ನೂರೋ ಎಂದು ಕೇಳಿದ್ದ; ಹಬ್ಬದ ಕೊಡುಗೆಯಾಗಿ ಎರಡಕ್ಕೂ ಒಂದೇ ದರ ಎಂದೂ ಹೇಳಿದ್ದ. ನಾನು ಮೀಸೆ ತಿರುವಿ ನಲವತ್ತೇ ಇರಲಿ ಎಂದೆ. ನಮ್ಮ ನೂಲಿನ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಎಳೆ ತೆಳುವಾಗುತ್ತದೆ. ನೂರನೆಯ ನಂಬರಿನದು ಕೂದಲಿನಷ್ಟು ಸಣ್ಣ, ನಲವತ್ತರದು ಗಟ್ಟಿ. ಇಷ್ಟು ದೂರ ಎಳೆದು ತರುವ ತಂತಿ ಗಟ್ಟಿಯಾಗಿರಲೆಂದು ಆರಿಸಿದೆ, ಮಾನ್ಯರೇ. ಅಂದು ಕುಮರೇಶನ್ ನನ್ನ ಮುಖವನ್ನೊಮ್ಮೆ ನೋಡಿ, ದೊಡ್ಡವರು ಏನೋ ಯೋಚಿಸಿಯೇ ಹೇಳಿರಬೇಕೆಂದು ಬರೆದುಕೊಂಡು ಹೋದ. ಬಿಲ್ಲಿನ ಬೆನ್ನಿನ ಮೇಲೆ ಆತ ಹಾಕಿದ ಲೆಕ್ಕದಂತೆ, ನೂರನ್ನು ಆರಿಸಿದ್ದರೆ, ತಮ್ಮ ಎಂಟರಿಂದ ಭಾಗಿಸಿದ ಮೇಲೂ, ಇಪ್ಪತ್ತನಾಲ್ಕು ನಿಮಿಷ ಸಾಕಾಗುತ್ತಿತ್ತು. ಆರು ನಿಮಿಷ ಉಳಿಯುತ್ತಿತ್ತು.

ರಾಹುಕಾಲ ಕಳೆಯಲೆಂದು ಕಾದದ್ದನ್ನು ನಮ್ಮ ಮನೆಯಲ್ಲಿ ಯಾರೂ ತಪ್ಪೆನ್ನುವುದಿಲ್ಲ. ನೂರು ಬೇಡವೆಂದದ್ದು ಮಾತ್ರ ನನ್ನನ್ನೂ ಕುಮರೇಶನನ್ನೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಆದಕಾರಣ ತಾವು ದಯಮಾಡಿ, ಮೊಹರಿನ ಕಾಗದದಲ್ಲಿ, ಒಳ್ಳೆಯ ತಮಿಳಿನಲ್ಲಿ, ತಪ್ಪೆಲ್ಲ ತಮ್ಮದೇ ಎಂದು ಅಭಿನಯಾಗೆ ಒಂದು ಸಾಲು ಬರೆದು ಉಪಕರಿಸಬೇಕು. ಇಷ್ಟು ದೊಡ್ಡ ಸಂಸ್ಥೆಗೆ ಇಷ್ಟು ಚಿಕ್ಕ ಸುಳ್ಳು ಭಾರವಾಗಲಾರದು.

ಸೆಕೆಂಡಿಗೆ ಐದರಂತೆ,
ತಮ್ಮ ವಿಶ್ವಾಸಿ,
ರಾಜೇಂದ್ರನ್

ಮರೆತ ಮಾತು: ತಮಿಳುನಾಡಿನ ಕಚೇರಿಗೆ ಕನ್ನಡದಲ್ಲೇಕೆ ಬರೆದನೆಂದು ತಾವು ಬೆರಗಾಗಬಹುದು. ಕೊಳ್ಳೇಗಾಲದ ಚಿಕ್ಕಪ್ಪನ ಮನೆಯಲ್ಲಿ ಎರಡು ವರ್ಷ ಓದಿದ್ದರಿಂದ ನನಗೆ ಈ ಅಕ್ಷರ ಬರುತ್ತದೆ. ಮನೆಯಲ್ಲಿ ತಮಿಳಿನ ಜೊತೆ ಕನ್ನಡವನ್ನೂ ಆಡಿಕೊಂಡೇ ಬೆಳೆದ ನನ್ನ ಮಗಳಿಗೆ ಅದನ್ನು ಓದಲು ಬಾರದು. ತಾವು ಜಾಹೀರಾತಿನಲ್ಲಿ ಎಂಟರಿಂದ ಭಾಗಿಸಿ ಬರೆಯುವ ದಿನ ನಾನೂ ಇದನ್ನೆಲ್ಲ ಅವಳಿಗೆ ಬಾಯಿಬಿಟ್ಟು ಹೇಳುತ್ತೇನೆ. ಈ ಪತ್ರವನ್ನು ತಮಗೆ ಸ್ಕ್ಯಾನ್ ಮಾಡಿ ಕಳಿಸುವವಳು ಅವಳೇ. ಅಪ್ಪ ತನಗೋಸ್ಕರ ಇಷ್ಟುದ್ದ ಜಗಳವಾಡುತ್ತಿದ್ದಾನೆಂದು ಪಕ್ಕದಲ್ಲೇ ನಿಂತಿದ್ದಾಳೆ, ಎರಡನೆಯ ಲೋಟ ಕಾಫಿ ತಂದಿಟ್ಟಿದ್ದಾಳೆ.