ಕಾಲಿರುವ ಗ್ಲಾಸಿನ ದರ್ಬಾರು

ಮದುವೆಗೆ ಹುಡುಗ ಸಿಗುವುದು ಕಷ್ಟ ಎನ್ನುತ್ತಾರೆ. ಪುಣೆಯ ನಿಗಡಿಯಲ್ಲಿರುವ ಪ್ರಲ್ಹಾದರಾಯರಿಗೆ ಹುಡುಗ ಸುಲಭವಾಗಿಯೇ ಸಿಕ್ಕ. ಸಿಗದೆ ಸತಾಯಿಸಿದ್ದು ಗ್ಲಾಸು.

ಆರತಕ್ಷತೆಗೆ ಒಂದು ‘ಥೀಮ್’ ಇರಬೇಕೆಂದು ಹಟ ಹಿಡಿದವಳು ಮಗಳು ಕೇತಕಿ. ಪುಣೆಯಲ್ಲಿ ಈಗ ಥೀಮ್ ಇಲ್ಲದೆ ಮದುವೆಯಾದರೆ ಅದು ಕಾಯಿದೆ ಪ್ರಕಾರ ನಡೆಯಿತೋ ಇಲ್ಲವೋ ಎಂದು ಜನರಿಗೆ ಅನುಮಾನ. ಯಾರೋ ಕಾಡಿನ ಥೀಮ್ ಮಾಡಿ ಬಂದವರನ್ನೆಲ್ಲ ಸೊಳ್ಳೆಗಳಿಗೆ ಉಣಬಡಿಸಿದರು. ಇನ್ಯಾರೋ ಹಳ್ಳಿಯ ಥೀಮ್ ಎಂದು ಏಸಿ ಹಾಲಿನೊಳಗೆ ಚಕ್ಕಡಿ ತಂದು ನಿಲ್ಲಿಸಿದರು. (ಎತ್ತು ಬಾಡಿಗೆಗೆ ಸಿಗಲಿಲ್ಲವಂತೆ. ಮದುಮಗನೇ ನೊಗದ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಮುಂದಿನ ಬಾಳಿಗೆ ಅದೂ ಒಂದು ತಾಲೀಮು.)

ಪ್ರಲ್ಹಾದರಾಯರು ಹಿಂದುಮುಂದು ನೋಡದೆ “ರಾಜದರ್ಬಾರು!” ಎಂದುಬಿಟ್ಟರು. ಅದಕ್ಕೆ ಕಾರಣವಿತ್ತು. ನಿಶ್ಚಯದ ದಿನ ಬೀಗರಾದ ಬಾಳಕೃಷ್ಣರಾಯರ ಮುಂದೆ ಮಾತಿನ ಭರದಲ್ಲಿ “ನಮ್ಮದು ದೇಸಗತಿ ಮನೆತನ. ಧಾರವಾಡದ ಕಡೆ ವಾಡೆ ಇತ್ತು” ಎಂದಿದ್ದರು. ಅರಮನೆಯಂಥ ವಾಡೆ ಇದ್ದದ್ದು ನಿಜ. ಯಾರದು ಎಂದು ಹೇಳಲಿಲ್ಲ, ಅಷ್ಟೆ. ಬಾಳಕೃಷ್ಣರಾಯರು ಮೂಲತಃ ಬೆಳಗಾವಿಯವರು, ಈಗ ಯೆರವಡಾದಲ್ಲಿ ಮನೆ. (ಯೆರವಡಾ ಎಂದ ಕೂಡಲೆ “ಜೇಲಿನ ಹೊರಗ್ರೀ” ಎಂದು ಸೇರಿಸುವುದು ಅವರ ಅಭ್ಯಾಸ.) ಮಗ ವಿಕಾಸನಿಗೆ ಊರು ಆಳಿದ ದೇಸಾಯರ ಮನೆಯ ಹೆಣ್ಣು ಬರುತ್ತಿದ್ದಾಳೆ ಎಂದು ಅವರು ತಮ್ಮ ಬಳಗಕ್ಕೆಲ್ಲ ಡಂಗುರ ಸಾರಿಯಾಗಿತ್ತು.

ಸಿಂಹಾಸನ ಬಂತು, ಚಾಮರ ಬಂತು, ರಾಯರಿಗೆ ಪಗಡಿಯೂ ಬಂತು. ಉಳಿದದ್ದು ಒಂದೇ. ಬಂದವರಿಗೆ ಬಾಗಿಲಲ್ಲೇ ಕೊಡುವ ಕೋಕಮ್ ಶರಬತ್ತನ್ನು ಯಾವುದರಲ್ಲಿ ಕೊಡುವುದು? ಗಂಡಹೆಂಡತಿ ಇಬ್ಬರೂ ರವಿವಾರ ಪೇಠೆಯ ಪಾತ್ರೆ ಅಂಗಡಿಗೆ ಹೋದರು. ಅಂಗಡಿಯವನು ಮೊದಲು ತಾಮ್ರದ ಗ್ಲಾಸು ಇಟ್ಟ.

“ಹುಳೀ ಕೋಕಮ್ ತಾಮ್ರದಾಗ ಹಾಕಿದ್ರ ಕಿಲುಬು ಬಿಡ್ತದ್ರೀ,” ಎಂದರು ಭಾಮಾಬಾಯಿ. “ಬೀಗರು ಊಟಕ್ಕ ಕೂಡೂದು ಬಿಟ್ಟು ದವಾಖಾನಿಗೆ ಓಡ್ತಾರ.”

ಮಣ್ಣಿನ ಕುಡಿಕೆ ಬಂತು. “ಇದೇನು ದರ್ಬಾರೋ, ಚಹಾದ ಅಂಗಡಿಯೋ?” ಎಂದು ರಾಯರು ಮುಖ ತಿರುಗಿಸಿದರು.

“ಮನ್ಯಾಗ ಸ್ಟೀಲಿನ ಗ್ಲಾಸು ರಗಡ ಅವ...”

“ಅವನ್ನ ತರತೀಯೇನು? ‘ದುರ್ಗಕ್ಕನ ಕುಬಸದ ನೆನಪಿಗೆ’ ಅಂತ ಕೊರದದ್ದು ಒಂದು, ‘ಕಿಶೋರನ ಮುಂಜಿವಿ’ ಅಂತ ಕೊರದದ್ದು ಇನ್ನೊಂದು. ಮಹಾರಾಜರು ಶರಬತ್ತು ಕುಡೀಬೇಕೋ, ನಿಮ್ಮ ತವರಮನಿ ಇತಿಹಾಸ ಓದಬೇಕೋ?”

ಅಂಗಡಿಯವನು ಗಿರಾಕಿಯ ನಾಡಿ ಹಿಡಿದ. ಒಳಗಿನಿಂದ ಕಾಗದದಲ್ಲಿ ಸುತ್ತಿದ್ದ ಒಂದು ಗ್ಲಾಸು ತಂದು ಮೆಲ್ಲಗೆ ಬಿಚ್ಚಿದ. ಉದ್ದನೆಯ ಒಂಟಿ ಕಾಲು, ಮೇಲೆ ತಾವರೆ ಮೊಗ್ಗಿನಂಥ ಬಟ್ಟಲು, ಅಂಚಿಗೆ ಬಂಗಾರದ ಬಣ್ಣ. “ಸಾಹೇಬ, ಖಾಸ್ ರಾಜಘರಾಣ್ಯಾಚಾ ಮಾಲ್!” ಎಂದ. ರಾಜಮನೆತನದ ಮಾಲು ಎಂಬ ಆ ಮರಾಠಿ ಮಾತು ಕಿವಿಗೆ ಬಿದ್ದದ್ದೇ ತಡ, ರಾಯರ ಬೆನ್ನು ತಾನಾಗಿ ನೆಟ್ಟಗಾಯಿತು.

“ಅಯ್ಯ, ಇದು ಸೆರೆ ಕುಡಿಯೋ ಗ್ಲಾಸ್ರೀ!”

“ಗ್ಲಾಸಿಗೇನು ಜಾತಿ ಅದ? ಹಾಲು ಹಾಕಿದ್ರ ಹಾಲಿನ ಗ್ಲಾಸು, ಕೋಕಮ್ ಹಾಕಿದ್ರ ಕೋಕಮ್ ಗ್ಲಾಸು.”

“ಈಚಲ ಗಿಡದ ಬುಡಕ ಕೂತು ಮಜ್ಜಿಗಿ ಕುಡದ್ರೂ ಜನಾ ಸೆರೆ ಅಂತಾರ. ಧಾರವಾಡದಿಂದ ಅನುಸೂಯಾ ಅತ್ತಿ ಬರಾಕಿ. ಉಳ್ಳಾಗಡ್ಡಿ ವಾಸನಿಗೇ ಎದ್ದು ಹೋಗೂ ಮನಶಿ!”

“ನಿನಗ ಅರಸೊತ್ತಿಗಿ ಅಂದ್ರೇನು ತಿಳೀಬೇಕು, ಭಾಮಾ? ಅವತ್ತ ನಾನು ದೊಡ್ಡ ಮನಸ್ಸು ಮಾಡಿ ನಿನ್ನ ಒಪ್ಪದಿದ್ರ ನೀ ಇನ್ನೂ ತವರೂರು ಹೂಲಿಯೊಳಗ ಸಂಡಿಗಿ ಒಣಗಸ್ತಿದ್ದಿ.”

ಭಾಮಾಬಾಯಿ ನಕ್ಕರು. ರಾಯರು ಅದನ್ನು ಶರಣಾಗತಿ ಎಂದು ತಿಳಿದರು. (ಎಷ್ಟು ವರ್ಷ ಸಂಸಾರ ಮಾಡಿದರೂ ಗಂಡಸರಿಗೆ ಆ ನಗುವಿನ ತರ್ಜುಮೆ ಬರುವುದಿಲ್ಲ.)

ಆರತಕ್ಷತೆಯ ಸಂಜೆ ಮಾಣಿಗಳು ತಟ್ಟೆ ಹಿಡಿದು ಹೊರಟರು. ಬಂಗಾರದಂಚಿನ ಗ್ಲಾಸುಗಳಲ್ಲಿ ಕೋಕಮ್ ಕೆಂಪಗೆ, ತಣ್ಣಗೆ, ನೋಡಿದವರ ಎದೆ ಝಲ್ ಎನ್ನುವಂತೆ ಹೊಳೆಯುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ಧಾರವಾಡದ ಹಿರಿಯ ಹೆಂಗಸರು ಒಟ್ಟಿಗೇ ಸೆರಗನ್ನು ಮೂಗಿಗೆ ಹಿಡಿದರು. ಹಿಂದಿನ ಸಾಲಿನಲ್ಲಿ ವಿಕಾಸನ ಗೆಳೆಯರು ಕೈಗೆರಡರಂತೆ ಎತ್ತಿಕೊಂಡು ಒಂದು ಗುಟುಕು ಕುಡಿದು, ಮೋಸಹೋದವರಂತೆ ಗ್ಲಾಸಿನ ತಳ ನೋಡಿದರು. ಸೆರೆ ಇದೆ ಎಂದು ಅರ್ಧ ಸಭೆಗೆ ಸಿಟ್ಟು, ಇಲ್ಲವೆಂದು ಉಳಿದರ್ಧಕ್ಕೆ.

ಬಾಳಕೃಷ್ಣರಾಯರು ರಾಯರನ್ನು ಸಿಂಹಾಸನದ ಹಿಂದಕ್ಕೆ ಎಳೆದುಕೊಂಡು ಹೋದರು. “ರಾಯರ, ಈ ಶರಬತ್ತು ಹಿರ್ಯಾರ ಕಣ್ಣಿಗೆ, ತಿಳೀತು. ಖರೇ ಮಾಲು ಎಲ್ಲಿ ಇಟ್ಟೀರಿ?”

“ಮುಂದಿಂದೂ ಕೋಕಮ್, ಹಿಂದಿಂದೂ ಕೋಕಮ್ರೀ!”

“ದೇಸಾಯರು ಭಾಳ ಗಟ್ಟಿ ಮನಶ್ಯಾ,” ಎಂದು ಕಣ್ಣು ಮಿಟುಕಿಸಿ, ಮುಂದಿನ ಗ್ಲಾಸಿನಲ್ಲಾದರೂ ಇದ್ದೀತೆಂದು ಅವರು ಮತ್ತೊಂದು ತಟ್ಟೆಯ ಬೆನ್ನು ಹತ್ತಿದರು.

ಅಷ್ಟರಲ್ಲಿ ಅನುಸೂಯಾ ಅತ್ತಿ ಚೀಲ ಬಗಲಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟಿದ್ದರು. ರಾಯರ ಅಪ್ಪನ ತಂಗಿ, ಮನೆತನದಲ್ಲಿ ಉಳಿದ ಒಬ್ಬರೇ ಹಿರಿಯರು. ಅವರು ಅಕ್ಷತೆ ಹಾಕದೆ ಎದ್ದು ಹೋದರೆ ಧಾರವಾಡದಲ್ಲಿ ತಲೆಯೆತ್ತುವಂತಿಲ್ಲ. ರಾಯರು ಪಗಡಿ ಹಿಡಿದುಕೊಂಡು ಓಡಿ ಅಡ್ಡ ನಿಂತರು.

“ಅತ್ತೀ, ರಾಂಜಣಗಾಂವದ ಗಣಪ್ಪನ ಆಣಿ, ಇದು ಬರೇ ಕೋಕಮ್. ಒಂದು ಗುಟುಕು ಕುಡದು ನೋಡು!”

“ಕುಡಿಯೋರೆಲ್ಲಾ ಹಂಗ ಹೇಳ್ತಾರೋ, ಪ್ರಲ್ಹಾದಾ.” ಅತ್ತಿ ಗ್ಲಾಸಿನ ಕಾಲು ಹಿಡಿದು ತಿರುಗಿಸಿ ನೋಡಿದರು. ಕಣ್ಣು ಮುಚ್ಚಿ ಒಂದು ಗುಟುಕು ಇಳಿಸಿದರು. ಮುಖ ಅರಳಿತು. “ಹ್ಞೂಂ... ಕೋಕಮ್ಮೇ ಇರಬೇಕು!” ಎಂದು ತುಟಿಯಂಚಿನಲ್ಲಿ ನಕ್ಕು, ಚೀಲ ಕೆಳಗಿಟ್ಟು, ಇನ್ನೊಂದು ತರಿಸಿದರು. ಅದಾದ ಮೇಲೆ ಮತ್ತೊಂದು. “ತಲಿ ಹಗರ ಆತು ನೋಡು,” ಎಂದು ಪಕ್ಕದವರ ಹೆಗಲಿಗೆ ಒರಗಿದರು. ಆಮೇಲೆ ಯಾರೂ ಕೇಳದಿದ್ದರೂ ಒಂದು ಹಾಡು ಹೇಳಿದರು. ರಾಯರ ಮನೆತನದಲ್ಲಿ ಅಮಲ್ದಾರರು ಯಾರೂ ಆಗಿರಲಿಲ್ಲ. ಅಮಲು ಮಾತ್ರ ಆ ಸಂಜೆ ಮೊದಲ ಸಲ ಪ್ರವೇಶ ಮಾಡಿತು, ಅದೂ ಒಂದು ಹನಿ ಸೆರೆ ಇಲ್ಲದೆ.

ನಿರೂಪಕಿ ಶರ್ವರಿ ಹಿರಿಯರಿಂದ ಆಶೀರ್ವಾದದ ನಾಲ್ಕು ಮಾತು ಬೇಕೆಂದು ಮೈಕು ತಂದದ್ದು ಆಗಲೇ. ಅತ್ತಿ ಮೈಕನ್ನು ಸೌಟಿನಂತೆ ಗಟ್ಟಿಯಾಗಿ ಹಿಡಿದರು.

“ದರ್ಬಾರ ಭಾಳ ಛಂದ ಆಗೇದ. ಆದ್ರ ಪ್ರಲ್ಹಾದಾ, ಸಿಂಹಾಸನ ನಮ್ಮ ಮನ್ಯಾಗ ಎಂದಿತ್ತೋ? ನಮ್ಮಪ್ಪ ದೇಸಾಯರ ವಾಡೇದಾಗ ಅಡಗಿ ಮಾಡ್ತಿದ್ದ. ಅವನ ಕಟ್ಟಿನ ಸಾರಿಗೆ ದೇಸಾಯರು ಕೈ ನೆಕ್ಕತಿದ್ರು! ಇಂವ ಸಣ್ಣಾಂವಿದ್ದಾಗ ಅದೇ ವಾಡೇದಾಗ ಪೇರಲ ಹಣ್ಣು ಕದೀಲಿಕ್ಕೆ ಹೋಗಿ, ಗ್ವಾಡಿ ಮ್ಯಾಲೆ ಸಿಕ್ಕೊಂಡು, ಅತ್ತೀ ಅತ್ತೀ ಅಂತ ಅತ್ತ.”

ಸಭೆ ಗೊಳ್ಳೆಂದಿತು. ರಾಯರು ಮೈಕಿಗೆ ಕೈಹಾಕಿದರು. ಅತ್ತಿ ಆ ಕೈಗೆ ಒಂದು ಏಟು ಕೊಟ್ಟು ಮುಂದುವರಿದರು.

“ಭಾಮಾ ಮೊದಲು ಇವನ್ನ ಒಲ್ಲೆ ಅಂದಿದ್ಲು. ಇಂವ ಊಟಾ ಬಿಟ್ಟು, ಹೊದ್ದಕೊಂಡು ಮಲಗಿಬಿಟ್ಟ. ಕಡೀಕೆ ನಾನೇ ಹೂಲಿಗೆ ಹೋಗಿ ಆಕಿ ಅವ್ವನ ಕೈಕಾಲು ಹಿಡಕೊಂಡು ಬಂದೆ.”

ಎಲ್ಲರಿಗಿಂತ ಜೋರಾಗಿ ನಕ್ಕವರು ಭಾಮಾಬಾಯಿ. ಅಂಗಡಿಯಲ್ಲಿ ನಕ್ಕ ನಗುವಿಗೆ ಹೋಲಿಸಿದರೆ ಇದಕ್ಕೆ ತರ್ಜುಮೆಯೇ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಿ ದೇವರ ಮುಂದೆ ಹೂಬತ್ತಿ ಹೊಸೆಯುತ್ತ ಕೂತಿದ್ದರು. “ನಿನ್ನೆ ಏನಂದೆನೋ ನನಗ ನೆನಪಿಲ್ಲಪಾ. ನೀ ಕುಡಿಸಿದಿ, ನಾ ಅಂದೆ,” ಎಂದು ಕೈತೊಳೆದುಕೊಂಡರು. ಅಷ್ಟರಲ್ಲಿ ಬಾಳಕೃಷ್ಣರಾಯರ ಫೋನು ಬಂತು. ದನಿಯಲ್ಲಿ ಸಕ್ಕರೆ ಕಡಿಮೆಯಿತ್ತು.

“ರಾಯರ, ನಮ್ಮ ಮಂದಿ ಎಲ್ಲಾ ಕೇಳಲಿಕ್ಹತ್ಯಾರ. ಅತ್ತಿಯವರು ಹೇಳಿದ್ದು ಖರೇನ್ರಿ?”

ರಾಯರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಗ್ಲಾಸಿನಲ್ಲಿ ಇದ್ದದ್ದು ಕೋಕಮ್ ಎಂದರೆ ಅತ್ತಿ ಎಚ್ಚರವಿದ್ದೇ ಆಡಿದಂತಾಗುತ್ತದೆ. ಎಚ್ಚರವಿದ್ದೇ ಆಡಿದರೆ ದೇಸಗತಿ ಮುಳುಗುತ್ತದೆ. ಭಾಮಾಬಾಯಿ ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಿದ್ದರು. “ಹೇಳ್ರಿ,” ಎಂದರು ಮೆಲ್ಲಗೆ. “ಕೋಕಮ್ಮೋ, ಸೆರೆಯೋ?”

ಜೀವಮಾನದಲ್ಲಿ ಸೆರೆ ಅಂಗಡಿಯ ಮೆಟ್ಟಿಲು ಹತ್ತದ ಪ್ರಲ್ಹಾದರಾಯರು ಕಣ್ಣು ಮುಚ್ಚಿಕೊಂಡರು. “ಏನು ಹೇಳ್ಲಿರೀ... ಅತ್ತಿ ಗ್ಲಾಸಿನಾಗ ಸ್ವಲ್ಪ ವೈನ್ ಇತ್ತು. ಅಮಲಿನಾಗ ಏನೇನೋ ಅಂದುಬಿಟ್ಲು. ಮನಸ್ಸಿಗೆ ಹಚ್ಕೋಬ್ಯಾಡ್ರಿ.”

ದೇಸಗತಿ ಉಳಿಯಿತು ಎಂದು ರಾಯರು ಉಸಿರು ಬಿಡುವಷ್ಟರಲ್ಲಿ ಬಾಳಕೃಷ್ಣರಾಯರು ಸಿಡಿದರು:

“ಅಂದ್ರ ಮಾಲು ಇತ್ತು! ನಾನು ಗಂಡಿನ ಅಪ್ಪ, ಬಾಯಿ ಬಿಟ್ಟು ಕೇಳಿದೆ. ಹೊಟ್ಟಿ ಉಬ್ಬೂತನಕಾ ನನಗ ಬರೇ ಕೋಕಮ್ ಕುಡಿಸಿದ್ರಿ. ನಿಮ್ಮ ಮುದುಕಿಗೆ ವೈನ್! ಇದೇನ್ರೀ ರಾಯರ, ಬೀಗರಿಗೆ ನೀವು ಕೊಡೋ ಮರ್ಯಾದಿ?”