ಬೀರುವಿಗೆ ಬಾಗಿಲಿಲ್ಲದ ಕಾರಣ

ಊರಿನವರ ಪಾಲಿಗೆ ಬಡಗಿಯ ಮಾತೇ ಕೊನೆ ಮಾತು. ಮನೆಯಲ್ಲಿ ಮಾತ್ರ ಅವನ ಮಾತಿಗೆ ಕಿವಿಗೊಡುವವರಿರಲಿಲ್ಲ. ಹೀಗಿರುವಾಗ ಮಗಳ ಪಾಠದ ಕಥೆಯಲ್ಲಿ ಒಂದು ಬೀರು ಬಂದದ್ದು ಅವನ ಪುಣ್ಯ.

ಕಥೆ ಇಷ್ಟೇ. ಕಣ್ಣಾಮುಚ್ಚಾಲೆಯಲ್ಲಿ ಹೊಸ ಹುಡುಗಿಯೊಬ್ಬಳು ಬೀರುವಿನೊಳಗೆ ಅಡಗುತ್ತಾಳೆ. ಮಿಕ್ಕ ಮಕ್ಕಳು ಬೇಕೆಂದೇ ಅವಳನ್ನು ಹುಡುಕದೆ ಮನೆಗೆ ಹೋಗುತ್ತಾರೆ. ಸಂಜೆಯಾದರೂ ಹುಡುಗಿ ನಗು ತಡೆದುಕೊಂಡು ಕೂತೇ ಇರುತ್ತಾಳೆ. ಅಲ್ಲಿಗೆ ಮುಗಿಯಿತು.

"ಅವಳು ಯಾಕಪ್ಪಾ ಹೊರಗೆ ಬರ್ಲಿಲ್ಲ?" ಮಗಳ ಕಣ್ಣು ತುಂಬಿತ್ತು. ಮರುದಿನ ತರಗತಿಯಲ್ಲಿ ಅದಕ್ಕೇ ಅವಳು ಉತ್ತರ ಹೇಳಬೇಕಿತ್ತು.

"ಬಾಗಿಲು ಬಿಗಿ ಇರುತ್ತೆ. ಒಂದು ಒದೆ ಕೊಟ್ರೆ ಕೀಲು ಕಿತ್ಕೊಂಡು ಬರುತ್ತೆ. ಅಷ್ಟೂ ಗೊತ್ತಿಲ್ದೆ ಕಥೆ ಬರೀತಾರೆ!"

"ರೀ, ಅದು ಕೀಲಿನ ಕಥೆ ಅಲ್ಲ," ಎಂದಳು ಹೆಂಡತಿ.

"ಬೀರು ಮಾಡೋನು ನಾನೋ ನೀನೋ? ಪುಟ್ಟಿ, ನೀನು ಬಾಗಿಲು ತಟ್ಟು. ಹೇಗೆ ಬರ್ತೀನಿ ನೋಡು." ತಾನೇ ಮಾಡಿದ ಬೀರುವಿನೊಳಗೆ ನುಸುಳಿ ಬಡಗಿ ಬಾಗಿಲೆಳೆದುಕೊಂಡ.

ಯಾರೂ ತಟ್ಟಲಿಲ್ಲ. ಹೆಜ್ಜೆಗಳು ದಡದಡನೆ ದೂರವಾದವು, ಮನೆ ಸದ್ದಡಗಿತು. ಒದೆಯೋಣವೆಂದರೆ ಸ್ವಂತ ಕೈಕೆಲಸ, ಕೂಗೋಣವೆಂದರೆ ಮರ್ಯಾದೆಯ ಪ್ರಶ್ನೆ. (ಗಂಡಸರ ಮರ್ಯಾದೆ ಬೀರುವಿನೊಳಗೂ ಬಿಡುವುದಿಲ್ಲ.) ಮಂಡಿಗೆ ಗಲ್ಲ ಊರಿ ಕೂತ. ನನ್ನನ್ನು ಮರೆತೇಬಿಟ್ಟರೇ ಅನ್ನಿಸಿ, ತಲೆ ನರೆತ ಆ ಮನುಷ್ಯ ವಾಪಸು ಬರುವ ಹೆಜ್ಜೆಗಳಿಗಾಗಿ ಕಾದ.

ಆಗ ಕತ್ತಲಲ್ಲಿ, ಅವನ ಕಿವಿಯ ಪಕ್ಕದಲ್ಲೇ, ಯಾರೋ ಕಿಸಕ್ಕನೆ ಬಂದ ನಗುವನ್ನು ತಡೆದುಕೊಂಡರು.

"ಅಯ್ಯೋ ಅಮ್ಮಾ!"

ಹೆಂಡತಿ ಓಡಿಬಂದು ಒಂದೇ ಬೆರಳಿನಲ್ಲಿ ಬಾಗಿಲು ತೆರೆದಳು. "ಏನ್ರೀ ಇದು? ಚಿಲಕಾನೂ ಹಾಕಿರ್ಲಿಲ್ಲ. ನೂಕ್ಕೊಂಡು ಬರೋದಕ್ಕೇನಾಗಿತ್ತು?"

"ನೀವು ಬಂದು ಕರೀತೀರಿ ಅಂತ…" ಎಂದ ಬಡಗಿ.

ಮಗಳು ಅವನ ಮುಖವನ್ನೇ ನೋಡಿದಳು. "ಗೊತ್ತಾಯ್ತಪ್ಪಾ," ಎಂದಳು ಮೆಲ್ಲಗೆ.

"ಆದ್ರೂ ನೀನು ಹಾಗೆ ನಗಬಾರ್ದಿತ್ತು ಪುಟ್ಟಿ."

"ನಾನೆಲ್ಲಿ ನಕ್ಕೆ? ಮಳೆ ಬಂತು ಅಂತ ನಾನೂ ಅಮ್ಮನೂ ಮಹಡಿ ಮೇಲೆ ಬಟ್ಟೆ ತೆಗೀತಿದ್ವಿ."

ಬಡಗಿ ತಿರುಗಿ ನೋಡಿದ. ಬೀರುವಿನೊಳಗೆ ಬಟ್ಟೆಗಳಷ್ಟೇ ಇದ್ದವು.

ಅಂದೇ ಅವನು ಎರಡೂ ಬಾಗಿಲು ಕಳಚಿಟ್ಟ. ಬಂದವರು ಕೇಳಿದರೆ ಬಟ್ಟೆಗೆ ಗಾಳಿಯಾಡಲಿ ಎನ್ನುತ್ತಾನೆ. ಆದರೆ ಎಲ್ಲರೂ ಎಲ್ಲಿಗಾದರೂ ಹೊರಟಾಗ, ಮನೆಗೆ ಬೀಗ ಹಾಕುವ ಮುಂಚೆ, ಏನೋ ಮರೆತವನಂತೆ ಒಳಗೆ ಹೋಗಿ ಬೀರುವಿನತ್ತ ಬಗ್ಗುತ್ತಾನೆ. "ಬಾಮ್ಮಾ, ಆಟ ಮುಗೀತು," ಎಂದು ಕರೆಯುತ್ತಾನೆ. ಹೆಂಡತಿ ಮಗಳು ಇಬ್ಬರೂ ಹೊಸ್ತಿಲಲ್ಲಿ ನಿಂತು ನಗು ತಡೆದುಕೊಳ್ಳುತ್ತಾರೆ.