ಬಲ್ಲ ಮೂಲದ ಒಂದು ಒದೆ

ಪತ್ರಿಕೋದ್ಯಮದ ಸ್ನಾತಕೋತ್ತರ ವಿಭಾಗದಲ್ಲಿ ನಾನು ಒಂದು ವರ್ಷ ಎರಡು ತಿಂಗಳ ಕಾಲ ‘ಬಲ್ಲ ಮೂಲ’ವಾಗಿ ಸೇವೆ ಸಲ್ಲಿಸಿರುತ್ತೇನೆ. ನಾನು ಶಾಲೆಯ ಮುಖ ಕಂಡವನಲ್ಲ. ಆದರೆ ಇವತ್ತು ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುವ ಇಪ್ಪತ್ತಾರು ಜನ ನನ್ನ ಬಾಯಿಂದ ಪಾಸಾದವರು. ನಂಬದವರು ವಿಭಾಗದ ಕಡತ ತೆಗೆಸಿ ನೋಡಬಹುದು. ಅದರಲ್ಲಿ ನನ್ನ ಹೆಸರು ಎಲ್ಲೂ ಇಲ್ಲ. ಅದೇ ಪುರಾವೆ.

ವಿಷಯ ಹೀಗೆ. ನನ್ನ ಮೊಮ್ಮಗಳು ಆ ವಿಭಾಗದ ವಿದ್ಯಾರ್ಥಿನಿ. ಅವಳಿಗೆ ದಿನಾ ಊಟದ ಡಬ್ಬಿ ಮುಟ್ಟಿಸುವ ಕೆಲಸ ನನ್ನದು. ಅಲ್ಲಿ ಮಕ್ಕಳ ಕೈಯಿಂದಲೇ ತಿಂಗಳಿಗೊಂದು ಪತ್ರಿಕೆ ಮಾಡಿಸುತ್ತಾರೆ. ಅದರಲ್ಲಿ ಒಂದಾದರೂ ವರದಿ ಅಚ್ಚಾಗದಿದ್ದರೆ ಪದವಿ ಇಲ್ಲ. ಅಚ್ಚಾಗಬೇಕಾದರೆ ನಿಯಮ ಹದಿನಾಲ್ಕರ ಪ್ರಕಾರ ಎರಡು ಬೇಕು: ಹೆಸರು ಹೇಳಲು ಇಚ್ಛಿಸದ ಬಲ್ಲ ಮೂಲದ ಮಾತು, ಹೆಸರುಳ್ಳ ಅಧಿಕಾರಿಯ ಸಹಿ ಮಾಡಿದ ಹೇಳಿಕೆ.

ಮಕ್ಕಳು ಊರೆಲ್ಲ ಅಲೆದರೂ ಹೆಸರು ಹೇಳಲು ಇಚ್ಛಿಸದವರು ಒಬ್ಬರೂ ಸಿಗಲಿಲ್ಲ. ತರಕಾರಿಯವನು ತನ್ನ ಹೆಸರು, ಅಪ್ಪನ ಹೆಸರು, ಫೋನ್ ನಂಬರು ಎಲ್ಲ ಕೊಟ್ಟು, ‘ಫೋಟೋ ಎಡಗಡೆಯಿಂದ ತೆಗೀರಿ, ಆ ಕಡೆ ಚೆನ್ನಾಗಿ ಕಾಣ್ತೀನಿ’ ಅಂದನಂತೆ.

ಹೀಗಿರುವಾಗ ಒಂದು ದಿನ, ಹೊಳೆಯ ಪ್ರವಾಹವನ್ನು ಹೆಗಲ ಮೇಲಿನ ಟವೆಲಿನಿಂದ ತಡೆದು ನಿಲ್ಲಿಸಿದ ನನ್ನ ಹಳೇ ಪ್ರಸಂಗವನ್ನು ವಿಭಾಗದ ಜವಾನನಿಗೆ ಹೇಳುತ್ತಿದ್ದೆ. ಮುಖ್ಯಸ್ಥರು ಹಿಂದೆ ನಿಂತು ಕೇಳಿಸಿಕೊಂಡರು.

‘ಯಜಮಾನ್ರೇ, ನಿಮ್ಮ ಹೆಸರು?’

‘ಅದೆಲ್ಲ ಯಾಕೆ ಸ್ವಾಮಿ ಈಗ.’

ಮುಖ್ಯಸ್ಥರ ಕಣ್ಣಲ್ಲಿ ನೀರು ಬಂತು. ಅದೇ ಮಧ್ಯಾಹ್ನ ನನ್ನ ನೇಮಕವಾಯಿತು. ಅರ್ಜಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದಕ್ಕೆ ಇಬ್ಬರು ಪ್ರಾಧ್ಯಾಪಕರು ದೃಢೀಕರಣದ ಸಹಿ ಹಾಕಿದರು. ಗುರುತಿನ ಚೀಟಿಗೆ ನನ್ನ ಬೆನ್ನಿನ ಫೋಟೋ ತೆಗೆದರು. ಮೆಟ್ಟಿಲಿನ ಕೆಳಗೆ ಒಂದು ಪರದೆ, ಪರದೆ ಹಿಂದೆ ಒಂದು ಕುರ್ಚಿ, ಕುರ್ಚಿ ಮೇಲೆ ನಾನು. ಹನ್ನೊಂದರಿಂದ ಒಂದರವರೆಗೆ ರಾಜಕೀಯ, ಎರಡರಿಂದ ಮೂರು ಹವಾಮಾನ.

ಮೊದಲ ಗಿರಾಕಿ ಹಾಸ್ಟೆಲಿನ ಹುಡುಗ. ನಲ್ಲಿಯಲ್ಲಿ ನೀರು ಯಾಕೆ ಬರುತ್ತಿಲ್ಲ ಎಂದು ನೀರಿನ ಅಧಿಕಾರಿಯನ್ನು ಒಂಬತ್ತು ಸಲ ಕೇಳಿದ್ದನಂತೆ. ಒಂಬತ್ತು ಸಲವೂ ‘ಪರಿಶೀಲನೆಯಲ್ಲಿದೆ’ ಎಂದೇ ಉತ್ತರ. ನಿಯಮದ ಪ್ರಕಾರ ‘ಪರಿಶೀಲನೆಯಲ್ಲಿದೆ’ ಎನ್ನುವುದು ಹೇಳಿಕೆಯಲ್ಲ, ಉಸಿರಾಟ.

‘ಪೈಪಲ್ಲಿ ಮೊಸಳೆ ಇದೆ ಮಗ,’ ಎಂದೆ. ‘ಅದರಪ್ಪನ ದವಡೆ ನಾನೇ ಮುರಿದಿದ್ದು. ಆ ಸಿಟ್ಟಿಗೆ ಅಡ್ಡ ಮಲಗಿದೆ.’

ಹುಡುಗ ಇದನ್ನು ಅಧಿಕಾರಿಗೆ ತೋರಿಸಿದ. ಅರ್ಧ ಗಂಟೆಯೊಳಗೆ ಸಹಿ, ಮೊಹರು ಸಮೇತ ಸ್ಪಷ್ಟನೆ ಬಂತು: ‘ಪೈಪಿನಲ್ಲಿ ಮೊಸಳೆ ಇರುವುದಿಲ್ಲ.’ ಮೂಲವೂ ಆಯಿತು, ಹೇಳಿಕೆಯೂ ಆಯಿತು. ವರದಿ ಅಚ್ಚಾಗಿ ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾದ. ನೀರು ಬರಲಿಲ್ಲ. ಅದು ಪಠ್ಯದಲ್ಲಿ ಇರಲೂ ಇಲ್ಲ.

ಆಮೇಲೆ ಪರದೆ ಮುಂದೆ ಸಾಲು ನಿಂತಿತು. ನಿಜ ಕೇಳಿದರೆ ಕುರ್ಚಿ ಬಿಟ್ಟು ಏಳದ ಅಧಿಕಾರಿಗಳು ನನ್ನ ಮಾತು ಅಲ್ಲಗಳೆಯಲು ಪೆನ್ನು ಹಿಡಿದು ಓಡೋಡಿ ಬರುತ್ತಿದ್ದರು. ಮುಖ್ಯಸ್ಥರು ಇದನ್ನು ‘ವಿಧಾನ’ ಎಂದು ಘೋಷಿಸಿ ಪಠ್ಯಕ್ಕೆ ಸೇರಿಸಿದರು.

ಇಡೀ ತರಗತಿಯಲ್ಲಿ ವರದಿ ಅಚ್ಚಾಗದೆ ಉಳಿದವಳು ನನ್ನ ಮೊಮ್ಮಗಳು ಒಬ್ಬಳೇ.

‘ಯಾಕೆ ಪುಟ್ಟಿ, ಊರಿಗೆಲ್ಲ ಬೇಕಾದ ತಾತ ನಿನಗೆ ಬೇಡವಾ?’

‘ನಿನ್ನ ಮೊಸಳೆ ನಂಗೆ ಬೇಡ ತಾತ. ನಿನ್ನ ತಲೆ ಮೇಲಿರೋ ಮೆಟ್ಟಿಲು ನೋಡು. ಹದಿನೇಳರಲ್ಲಿ ಆರು ಬಿರುಕು ಬಿಟ್ಟಿವೆ. ಬಿರುಕಲ್ಲಿ ಇಣುಕಿ ನೋಡಿದೆ, ಒಳಗೆ ಕಬ್ಬಿಣಾನೇ ಹಾಕಿಲ್ಲ. ಟೇಪ್ ಹಿಡಿದು ಅಳೆದಿದೀನಿ.’

ಅದೇ ಅವಳ ವರದಿ. ಮುಖ್ಯಸ್ಥರು ಓದಿ ಮೆಚ್ಚಿ ವಾಪಸು ಕೊಟ್ಟರು.

‘ಮೂಲ ಯಾರಮ್ಮ?’

‘ನಾನೇ ನೋಡಿದೀನಿ ಸರ್.’

‘ನೀನು ನೋಡಿದ್ರೆ ಅದು ನೋಟ ಆಯ್ತು. ಸುದ್ದಿ ಹೇಗಾಗತ್ತೆ?’

ಕಟ್ಟಡದ ಎಂಜಿನಿಯರ್ ಹತ್ತಿರ ಹೋದಳು. ‘ಪರಿಶೀಲನೆಯಲ್ಲಿದೆ’ ಎಂದರು. ನಾಲ್ಕು ತಿಂಗಳು ಹೋದಳು. ನಾಲ್ಕು ತಿಂಗಳೂ ಉಸಿರಾಡಿದರು.

ಕೊನೆಯ ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ, ಹವಾಮಾನದ ಅವಧಿಯಲ್ಲಿ, ಹದಿನೇಳು ಮೆಟ್ಟಿಲೂ ನನ್ನ ಮೇಲೆ ಬಿದ್ದವು. ಬೇರೆಯವನಾಗಿದ್ದರೆ ಅಲ್ಲೇ ಕಥೆ ಮುಗಿಯುತ್ತಿತ್ತು. ನನಗೆ ಬಲಗಾಲು ಮುರಿಯಿತು, ಅಷ್ಟೆ. ಆಸ್ಪತ್ರೆಯಲ್ಲಿ ಹೆಸರು ಕೇಳಿದರು. ಸೇವಾ ನಿಯಮಕ್ಕೆ ಭಂಗ ಬರಬಾರದೆಂದು ನಾನು ಬಾಯಿ ಬಿಡಲಿಲ್ಲ. ಮಂಚಕ್ಕೆ ‘ಬಲ್ಲ ಮೂಲ, ಬಲಗಾಲು’ ಎಂದು ಚೀಟಿ ಕಟ್ಟಿದರು.

ಮೊಮ್ಮಗಳು ಬಂದು ಮಂಚದ ಅಂಚಿಗೆ ಕೂತಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ತಾತ, ಈಗಲಾದ್ರೂ ನಿಜ ಹೇಳು. ಮೆಟ್ಟಿಲು ಬಿತ್ತು ಅಂತ ಹೇಳು.’

‘ಮೆಟ್ಟಿಲು ಬಿತ್ತು ಕಣೇ.’

ಬರೆದುಕೊಂಡು ಎಂಜಿನಿಯರ್ ಹತ್ತಿರ ಓಡಿದಳು. ಗಂಟೆ ಬಿಟ್ಟು ಜೋಲುಮುಖ ಹಾಕಿಕೊಂಡು ಬಂದಳು.

‘ಏನಂದ?’

‘ಬಿದ್ದಿದೆಯಾ ಇಲ್ವಾ ಅನ್ನೋದು ಪರಿಶೀಲನೆಯಲ್ಲಿದೆಯಂತೆ. ಇನ್ನು ಆಯ್ತು ಬಿಡು ತಾತ. ಎರಡು ವರ್ಷ ಓದಿದ್ದು ನೀರಲ್ಲಿ ಹೋಮ.’

ಜೀವಮಾನದಲ್ಲಿ ಒಂದೇ ಒಂದು ಸಲ ನಿಜ ಹೇಳಿದ್ದೆ. ಅದೂ ಕೆಲಸಕ್ಕೆ ಬರಲಿಲ್ಲ. ನನಗೆ ಅವಮಾನವಾಯಿತು.

‘ಪುಟ್ಟಿ, ಪೆನ್ನು ತೆಗಿ. ಮೆಟ್ಟಿಲು ಬಿದ್ದಿಲ್ಲ. ನಾನೇ ಒದ್ದು ಬೀಳಿಸಿದೆ. ಒಂದೇ ಒದೆ, ಹದಿನೇಳೂ ಮೆಟ್ಟಿಲು. ಕಾಲು ಮುರಿದಿದ್ದು ಯಾಕೆ ಅಂದ್ಕೊಂಡೆ ಮತ್ತೆ?’

ಅವಳು ತನ್ನ ಅಳತೆಯ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು. ಆಮೇಲೆ ಬರೆದುಕೊಂಡಳು.

ಎಂಜಿನಿಯರ್ ಅದನ್ನು ಓದಿ ಕೆಂಡವಾದರಂತೆ. ನಿಂತ ನಿಲುವಿನಲ್ಲೇ ಬರೆದು ಸಹಿ ಹಾಕಿದರು: ‘ವೃದ್ಧರು ಒದ್ದಿರುವುದಿಲ್ಲ. ಸದರಿ ಮೆಟ್ಟಿಲುಗಳಿಗೆ ಕಬ್ಬಿಣ ಹಾಕದೇ ಇದ್ದುದರಿಂದ ಅವು ತಾವಾಗಿಯೇ ಬಿದ್ದಿರುತ್ತವೆ.’

ಮರುದಿನ ಪತ್ರಿಕೆ ಬಂತು. ಮೇಲೆ ದಪ್ಪ ಅಕ್ಷರದಲ್ಲಿ ‘ಒಂದೇ ಒದೆಗೆ ಉರುಳಿದ ಮೆಟ್ಟಿಲು’. ಮೊಮ್ಮಗಳು ಪಾಸಾದಳು, ಅದೂ ಮೊದಲ ರ‍್ಯಾಂಕು.

‘ನನ್ನ ಸುದ್ದಿನೂ ಬಂದಿದೆ ತಾತ.’

‘ಎಲ್ಲಿ?’

‘ನಿನ್ನ ಸುಳ್ಳಿನ ಕೆಳಗೆ. ಸಣ್ಣಕ್ಷರದಲ್ಲಿ.’

ಸಣ್ಣಕ್ಷರವನ್ನು ಎಲ್ಲರೂ ಓದಿದರು. ‘ಸ್ಪಷ್ಟನೆ ಕೊಟ್ಟಿದಾರೆ ಅಂದ್ಮೇಲೆ ಮುದುಕ ಒದ್ದಿರೋದು ಗ್ಯಾರಂಟಿ’ ಎಂದು ತರಕಾರಿಯವನು ಹೇಳಿದ, ಹೆಸರು ಸಮೇತ. ಒದೆಯುವವರೆಗೂ ಮೆಟ್ಟಿಲು ಗಟ್ಟಿಯಾಗಿಯೇ ಇತ್ತು ಎಂದು ತೀರ್ಮಾನವಾಗಿ, ಹೊಸದನ್ನು ಕಟ್ಟುವ ಕೆಲಸ ಹಳೇ ಗುತ್ತಿಗೆದಾರನಿಗೇ ಸಿಕ್ಕಿತು. ಅಲ್ಲಿಯವರೆಗೆ ಪ್ರಾಧ್ಯಾಪಕರೂ ಮಕ್ಕಳೂ ಏಣಿ ಹತ್ತಿ ಪಾಠಕ್ಕೆ ಹೋಗಬೇಕೆಂದು ಸುತ್ತೋಲೆ ಬಂತು. ಏಣಿಯ ಬುಡದಲ್ಲಿ ಫಲಕ: ‘ಎಪ್ಪತ್ತು ದಾಟಿದವರು ಕಟ್ಟಡವನ್ನು ಒದೆಯುವುದನ್ನು ನಿಷೇಧಿಸಲಾಗಿದೆ.’

ಕೊನೆಗೆ ವಿಚಾರಣೆಗೆಂದು ಮೂವರ ಸಮಿತಿ ಮನೆಗೇ ಬಂತು. ಮುಖ್ಯಸ್ಥರು, ಎಂಜಿನಿಯರ್, ಮತ್ತೆ ಗುತ್ತಿಗೆದಾರ. ಒದ್ದದ್ದಕ್ಕೆ ಸಾಕ್ಷಿ ಬೇಕೆಂದರು. ನಾನು ಹಾಸಿಗೆಯ ಮೇಲೆ ಕೂತಲ್ಲಿಂದಲೇ, ಚೆನ್ನಾಗಿದ್ದ ಎಡಗಾಲನ್ನು ನಿಧಾನವಾಗಿ ಒಂದು ಗೇಣು ಎತ್ತಿದೆ.

ಸಮಿತಿ ಒಟ್ಟಾಗಿ ಎರಡು ಹೆಜ್ಜೆ ಹಿಂದೆ ಸರಿಯಿತು. ಅದನ್ನೇ ಸಾಕ್ಷಿಯೆಂದು ದಾಖಲಿಸಿಕೊಂಡರು.

ಬಾಗಿಲಲ್ಲಿ ಅಳತೆಯ ಟೇಪ್ ಹಿಡಿದು ನಿಂತಿದ್ದ ಮೊಮ್ಮಗಳೂ ಒಂದು ಹೆಜ್ಜೆ ಸರಿದಳು.